ನಿಧಾನದ ಮಡಕೆ

ಅಡಿಗೆಯನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯ ಹೊರಟವನು ಮೊದಲು ವಾಚಕರ ಕ್ಷಮೆ ಬೇಡುವುದು ವಾಡಿಕೆ. ನಾನು ಬೇಡುವುದಿಲ್ಲ. ಪಾಕದ ವಿವರಗಳನ್ನು ಷಟ್ಪದಿಯಲ್ಲಿ ಹೇಳಿದ ಮಂಗರಸನ ‘ಸೂಪಶಾಸ್ತ್ರ’ ಹದಿನಾರನೆಯ ಶತಮಾನದಲ್ಲೇ ನಮ್ಮ ಭಾಷೆಯಲ್ಲಿ ಹುಟ್ಟಿದೆ. ಅದರ ಪದ್ಯಗಳನ್ನು ನಾನು ತರಗತಿಯಲ್ಲಿ ಅನ್ವಯಸಹಿತವಾಗಿ ವಿವರಿಸಿಯೂ ಇದ್ದೇನೆ. ವಿವರಿಸಿದ್ದೇನೆ, ಅಷ್ಟೆ. ಅರುವತ್ತೆಂಟು ವರ್ಷ ತುಂಬುವವರೆಗೆ, ಬೇಳೆ ಬೆಂದಿತೋ ಇಲ್ಲವೋ ಎಂಬುದನ್ನು ಬೆರಳಿನಿಂದ ಹಿಸುಕಿ ನೋಡುವ ಪ್ರಸಂಗ ನನಗೆ ಒದಗಿರಲಿಲ್ಲ.

ನನ್ನಾಕೆ ತೀರಿಕೊಂಡ ಮರುವರ್ಷ ಮಗಳು ನನ್ನನ್ನು ತಾನಿರುವ ಊರಿಗೆ ಕರೆಸಿಕೊಂಡಳು. ಅಮೆರಿಕದ ಒಹಾಯೊ ರಾಜ್ಯದ ನೈಋತ್ಯ ಮೂಲೆಯಲ್ಲಿ, ಒಹಾಯೊ ನದಿಯ ದಂಡೆಯ ಮೇಲಿರುವ ಸಿನ್ಸಿನಾಟಿ ಆ ಊರು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಆಕೆ ದಾದಿ. ಸಂಜೆ ಏಳರಿಂದ ಬೆಳಗಿನ ಏಳರವರೆಗೆ ರಾತ್ರಿಯ ಪಾಳಿ. ಎಂಟು ಗಂಟೆಗೆ ಮನೆಗೆ ಬಂದು ಮಲಗಿದರೆ ಸಂಜೆ ನಾಲ್ಕಕ್ಕೆ ಏಳುವಳು, ಐದಕ್ಕೆ ಊಟ, ಆರೂವರೆಗೆ ಮತ್ತೆ ಹೊರಡುವಳು. ಎರಡು ಕೋಣೆಯ ಮನೆ. ಅಡಿಗೆಯ ಮೂಲೆಗೂ ಆಕೆಯ ಮಂಚಕ್ಕೂ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ.

ಮಗಳ ಮನೆಯಲ್ಲಿ ಕುಳಿತು ಉಣ್ಣುವ ತಂದೆಯ ಸಂಕೋಚವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಯ ಭಾರವನ್ನಾದರೂ ವಹಿಸಿಕೊಳ್ಳೋಣವೆಂದು ಬಂದ ವಾರದಲ್ಲೇ ಪ್ರೆಷರ್ ಕುಕ್ಕರಿನಲ್ಲಿ ಅನ್ನ ಬೇಳೆ ಇಟ್ಟೆ. ಮೂರನೆಯ ಸೀಟಿಗೆ ಮಗಳು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದಳು. ಮರುದಿನ ಸೀಟಿಯಿಲ್ಲದ ಅಡಿಗೆ ಮಾಡಬೇಕೆಂದು ಒಗ್ಗರಣೆಗೆ ಎಣ್ಣೆ ಕಾಯಿಸಿದೆ. ಸಾಸಿವೆ ಸಿಡಿದು ಮೆಣಸಿನಕಾಯಿ ಕಮರುತ್ತಲೆ ಚಾವಣಿಯಲ್ಲಿದ್ದ ಹೊಗೆಗಂಟೆ ಹೊಡೆದುಕೊಳ್ಳಲಾರಂಭಿಸಿ, ನನ್ನ ಮಗಳನ್ನಲ್ಲದೆ ಇಡೀ ಮಹಡಿಯನ್ನೇ ಎಬ್ಬಿಸಿತು. ಆಕೆ ಬಯ್ಯಲಿಲ್ಲ. ಕಪಾಟಿನ ಕೆಳಗಿನಿಂದ ಒಂದು ಭಾರವಾದ ಪಾತ್ರೆಯನ್ನು ಎತ್ತಿ ತಂದು ನನ್ನ ಮುಂದಿಟ್ಟಳು. “ಅಪ್ಪ, ಇದು ಮಾತಾಡೋದಿಲ್ಲ. ಬೆಳಗ್ಗೆ ಎಲ್ಲ ಹಾಕಿ ಮುಚ್ಚಿಟ್ಟುಬಿಡಿ, ಸಂಜೆಗೆ ಆಗಿರುತ್ತೆ,” ಎಂದಳು.

ಅದರ ಹೆಸರು ಸ್ಲೋ ಕುಕ್ಕರ್. ನಾನು ಅದಕ್ಕೆ ನಿಧಾನದ ಮಡಕೆ ಎಂದು ಹೆಸರಿಟ್ಟೆ. ಮಡಕೆಯೊಳಗೆ ಮಡಕೆ ಎನ್ನಬಹುದು. ಹೊರಗೆ ಲೋಹದ ಕವಚ, ಅದರ ಒಳಮೈಯನ್ನು ಸುತ್ತಿ ವಿದ್ಯುತ್ತಿನಿಂದ ಕಾಯುವ ತಂತಿ; ಒಳಗೆ ಮೆರುಗು ಹಾಕಿದ ದಪ್ಪನೆಯ ಪಿಂಗಾಣಿಯ ಪಾತ್ರೆ; ಮೇಲೆ ಗಾಜಿನ ಮುಚ್ಚಳ. ಮಂದ, ಜೋರು, ಬೆಚ್ಚಗೆ ಎಂದು ಮೂರು ಗುರುತುಗಳು. ಮಂದದಲ್ಲಿಟ್ಟರೆ ಹಿಂದಿನ ಕಾಲದ ನೂರು ಕ್ಯಾಂಡಲಿನ ಎರಡು ಬಲ್ಬುಗಳು ತಿನ್ನುತ್ತಿದ್ದಷ್ಟು ವಿದ್ಯುತ್ತು ಇದಕ್ಕೆ ಸಾಕು. ಶಾಖ ತಳದಿಂದ ನುಗ್ಗದೆ ಸುತ್ತಲಿಂದ ಮೆಲ್ಲಗೆ ಬರುವುದರಿಂದ ಅಡಿ ಹಿಡಿಯುವುದು ಅಪರೂಪ. ಏಳೆಂಟು ಗಂಟೆಯ ಕಾಲ ಇದು ಕೊತಕೊತ ಎನ್ನುವುದೂ ಇಲ್ಲ. ಆಗಾಗ್ಗೆ ಮುಚ್ಚಳದ ಅಂಚಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತದೆ, ಅಷ್ಟೇ ಸದ್ದು. ಕುತೂಹಲ ತಡೆಯಲಾರದೆ ಮುಚ್ಚಳ ತೆಗೆದರೆ ಸೇರಿದ ಶಾಖವೆಲ್ಲ ಹೊರಗೆ ಹೋಗಿ, ಅಡಿಗೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ಸುಮ್ಮನೆ ಅಡ್ಡಾಡಿ ಅಭ್ಯಾಸವಿದ್ದ ನನಗೂ ಅದು ಕಷ್ಟವೆನಿಸಿತು.

ಮೊದಲ ದಿನ ನನಗೆ ನೆನಪಾದದ್ದು ನಮ್ಮ ಹಳ್ಳಿಯ ಮನೆಯ ಕೋಡೊಲೆ. ದೊಡ್ಡ ಒಲೆಯ ಪಕ್ಕದಲ್ಲಿ, ಅದರ ಉರಿಯ ಜಳವನ್ನಷ್ಟೇ ಪಡೆದು ಬದುಕುವ ಚಿಕ್ಕ ಒಲೆ ಅದು. ಮುಖ್ಯ ಅಡಿಗೆಯ ಗದ್ದಲವೆಲ್ಲ ದೊಡ್ಡ ಒಲೆಯ ಮೇಲೆ. ಕೋಡೊಲೆಯ ಮೇಲೆ ಮಾತ್ರ ಸಾರಿನ ಕಲ್ಚಟ್ಟಿಯೊಂದು ಯಾರ ಗಮನಕ್ಕೂ ಬೀಳದೆ ಕುಳಿತಿರುತ್ತಿತ್ತು. ಗದ್ದೆಯಿಂದ ತಡವಾಗಿ ಬಂದವನಿಗೆ, ಸಂತೆಯಿಂದ ಕತ್ತಲೆಯಾದ ಮೇಲೆ ಬಂದವನಿಗೆ ಬಡಿಸುವಾಗ ಅದು ಇನ್ನೂ ಬಿಸಿಯಾಗಿರುತ್ತಿತ್ತು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುತ್ತಿದ್ದ ಅಮ್ಮನ ಪಾಲಿಗೆ ಅದರಲ್ಲಿ ಏನು ಉಳಿದಿರುತ್ತಿತ್ತೆಂದು ಆಗ ನಾನು ನೋಡಲಿಲ್ಲ.

ಈ ಮಡಕೆಯಲ್ಲಿ ಏನು ಮಾಡಬೇಕೆಂಬುದನ್ನು ಹೇಳಿಕೊಟ್ಟವರು ಎದುರು ಮನೆಯ ವೃದ್ಧೆ. ಹೊಗೆಗಂಟೆಯ ದಿನ ಗಾಬರಿಯಿಂದ ಬಾಗಿಲು ತಟ್ಟಿದವರು, ನನ್ನ ಸ್ಥಿತಿಯನ್ನು ಕಂಡು ನಕ್ಕು, ಅಂದಿನಿಂದ ನನ್ನ ಗುರುಗಳಾದರು. “ಈ ಊರಿಗೆ ಬಂದು ಚಿಲಿ ಮಾಡಲು ಕಲಿಯದಿದ್ದರೆ ಹೇಗೆ?” ಎಂಬುದು ಅವರ ಪ್ರಶ್ನೆ.

ಇಲ್ಲಿ ಚಿಲಿ ಎಂದರೆ ಮೆಣಸಿನಕಾಯಿಯಲ್ಲ, ದಕ್ಷಿಣ ಅಮೆರಿಕದ ದೇಶವೂ ಅಲ್ಲ. ನಮ್ಮ ಗಟ್ಟಿ ಹುಳಿಯಂಥ ಒಂದು ವ್ಯಂಜನ. ಸ್ಪ್ಯಾನಿಷಿನಲ್ಲಿ ಅದರ ಪೂರ್ಣನಾಮಕ್ಕೆ ‘ಮಾಂಸದೊಡನೆ ಮೆಣಸಿನಕಾಯಿ’ ಎಂದು ಅರ್ಥ. ಅದು ಹೆಸರು ಮಾಡಿದ್ದು ಟೆಕ್ಸಾಸಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಅಂಟೋನಿಯೊ ನಗರದ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯ ಹೊತ್ತು ಲಾಂದ್ರದ ಬೆಳಕಿನಲ್ಲಿ ಅದನ್ನು ಮಾರುತ್ತಿದ್ದರು. ಜನ ಅವರನ್ನು ಚಿಲಿ ರಾಣಿಯರೆಂದು ಕರೆದರು. ೧೯೭೭ರಲ್ಲಿ ಟೆಕ್ಸಾಸ್ ಅದನ್ನು ತನ್ನ ರಾಜ್ಯದ ಅಧಿಕೃತ ಭಕ್ಷ್ಯವೆಂದು ಸಾರಿತು. ಕಾಳು ಹಾಕಿದ್ದು ಚಿಲಿಯೇ ಅಲ್ಲ ಎಂಬುದು ಅಲ್ಲಿಯ ನಿಷ್ಠಾವಂತರ ಸಿದ್ಧಾಂತ. ಈ ವಿಷಯದಲ್ಲಿ ಅವರ ಹಟವನ್ನು ಕೇಳಿದರೆ ನಮ್ಮ ಛಂದಸ್ಸಿನ ಪಂಡಿತರು ಉದಾರಿಗಳೆನಿಸುತ್ತಾರೆ.

ಸಿನ್ಸಿನಾಟಿಯ ಚಿಲಿಯ ಕಥೆಯೇ ಬೇರೆ. ಮ್ಯಾಸಿಡೋನಿಯದಿಂದ ವಲಸೆ ಬಂದಿದ್ದ ಟಾಮ್ ಮತ್ತು ಜಾನ್ ಕಿರಾಜೀಫ್ ಎಂಬ ಸೋದರರು ೧೯೨೨ರಲ್ಲಿ ಎಂಪ್ರೆಸ್ ಎಂಬ ನಾಟಕಶಾಲೆಯ ಮಗ್ಗುಲಿಗೆ ಒಂದು ಚಿಕ್ಕ ಅಂಗಡಿ ತೆರೆದರು. ಅವರು ಟೆಕ್ಸಾಸಿನ ಹೆಸರನ್ನು ಉಳಿಸಿಕೊಂಡು ತಮ್ಮ ನಾಡಿನ ಮಸಾಲೆಗಳನ್ನು ಅದರಲ್ಲಿ ಬೆರೆಸಿದರು: ದಾಲ್ಚಿನ್ನಿ, ಲವಂಗ, ಜೀರಿಗೆ, ಹುಳಿಗೆ ವಿನಿಗರ್. ಅದನ್ನು ಇಟಲಿಯ ಸ್ಪಾಗೆಟಿಯ ಮೇಲೆ ಸುರಿದರು. ಅವರ ಅಂಗಡಿಯಲ್ಲಿ ದುಡಿದಿದ್ದ ಗ್ರೀಸಿನ ನಿಕೊಲಾಸ್ ಲ್ಯಾಂಬ್ರಿನಿಡಿಸ್ ೧೯೪೯ರಲ್ಲಿ ಸ್ಕೈಲೈನ್ ಎಂಬ ಮತ್ತೊಂದನ್ನು ಆರಂಭಿಸಿದ. ಇಂದು ಊರಿನ ಬಡಾವಣೆ ಬಡಾವಣೆಗೂ ಚಿಲಿಯ ಅಂಗಡಿಗಳಿವೆ. ಅಲ್ಲಿ ಊಟವನ್ನು ಎಣಿಕೆಯಿಂದ ಕೇಳುತ್ತಾರೆ. ಸ್ಪಾಗೆಟಿ ಮತ್ತು ಚಿಲಿ ಎಂದರೆ ಎರಡರದು; ಮೇಲೆ ಹೆರೆದ ಚೀಸಿನ ರಾಶಿ ಬಿದ್ದರೆ ಮೂರರದು; ಈರುಳ್ಳಿಯೋ ಕಾಳೋ ಸೇರಿದರೆ ನಾಲ್ಕರದು; ಎರಡೂ ಸೇರಿದರೆ ಐದರದು. ಸ್ಪಾಗೆಟಿಯನ್ನು ಮುಳ್ಳುಚಮಚಕ್ಕೆ ಸುತ್ತಿ ತಿನ್ನುವವನು ಹೊರಗಿನವನು. ಊರಿನವರು ಅಂಚಿನಿಂದ ಕತ್ತರಿಸಿ, ಎಲ್ಲ ಪದರಗಳೂ ಒಂದೇ ತುತ್ತಿಗೆ ಬರುವಂತೆ ತಿನ್ನುತ್ತಾರೆ.

ವೃದ್ಧೆಯ ಮನೆಯಲ್ಲಿ ಆ ಪಾತ್ರೆಯ ಮುಚ್ಚಳ ತೆಗೆದಾಗ ನಾನು ಬೆರಗಾದೆ. ಮಾಂಸದ ಅಡಿಗೆ, ನಾನು ತಿನ್ನುವಂತಿರಲಿಲ್ಲ. ಆದರೆ ಆ ಪರಿಮಳ! ಚಕ್ಕೆ ಲವಂಗ, ಕೆಂಪು ಮೆಣಸಿನಕಾಯಿ, ಹಿಂದಿನಿಂದ ಬರುವ ಹುಳಿ: ಇದು ನಮ್ಮ ಬಿಸಿಬೇಳೆಹುಳಿಯ ನೆರೆಮನೆಯದು. ಅನ್ನದ ಬದಲು ಶಾವಿಗೆ ಬಂದಿದೆ, ಅಷ್ಟೆ. ಆ ಶಾವಿಗೆಯೂ ಅಪರಿಚಿತವಲ್ಲ. ನಾವು ಬನ್ಸಿ ರವೆ ಎನ್ನುವುದು ಯಾವ ಗಟ್ಟಿ ಗೋಧಿಯದೋ ಸ್ಪಾಗೆಟಿಯೂ ಅದೇ ಜಾತಿಯ ಗೋಧಿಯದು. ಇನ್ನು ಮೆಣಸಿನಕಾಯಿ. ನಮ್ಮ ಆ ಪದವನ್ನೇ ಒಡೆದು ನೋಡಿ. ಮೆಣಸು ಎಂದರೆ ಕರಿಮೆಣಸು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದಿಂದ ಬಂದ ಈ ಕಾಯಿಯನ್ನು ಕಂಡು, ಇದು ಮೆಣಸಿನಂತೆ ಖಾರವಾದ ಕಾಯಿ ಎಂದು ನಮ್ಮವರು ಗುರುತಿಟ್ಟುಕೊಂಡರು. ನಾನು ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಒಂದು ಲೆಕ್ಕದಲ್ಲಿ ತನ್ನ ಖಂಡಕ್ಕೆ ಮರಳಿ ಬಂದಿತ್ತು.

ಮಾಂಸದ ಬದಲು ರಾಜ್ಮಾ ಹಾಕಿ ನಾನೇ ಮಾಡುತ್ತೇನೆಂದು ನಿರ್ಧರಿಸಿದೆ. ಇಲ್ಲಿಗೆ ನನ್ನ ಅಹಂಕಾರದ ಅಧ್ಯಾಯ ಮೊದಲಾಗುತ್ತದೆ. ರಾತ್ರಿ ಕಾಳು ನೆನೆಸಿಟ್ಟೆ. ಬೆಳಗ್ಗೆ ಮಗಳು ಮಲಗಿದ ಮೇಲೆ ನೆನೆದ ಕಾಳು, ಈರುಳ್ಳಿ, ಟೊಮ್ಯಾಟೊ, ಮಸಾಲೆ ಎಲ್ಲವನ್ನೂ ಹಸಿಯಾಗಿಯೇ ಮಡಕೆಗೆ ತುಂಬಿ, ಮಂದದ ಗುರುತಿಗೆ ತಿರುಗಿಸಿ, ಪುಸ್ತಕ ಹಿಡಿದು ಕುಳಿತೆ. ಸಂಜೆ ಐದಕ್ಕೆ ಮನೆಯೆಲ್ಲ ಘಮಘಮ. ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು. ಕಾಳು ಸ್ವಲ್ಪ ಹಲ್ಲಿಗೆ ಸಿಕ್ಕುತ್ತಿತ್ತು. ಇಟಲಿಯವರು ಶಾವಿಗೆಯನ್ನು ಹಾಗೆಯೇ ತಿನ್ನುತ್ತಾರಂತೆ ಎಂದು ನಾನು ಪಾಂಡಿತ್ಯ ಪ್ರದರ್ಶಿಸಿದೆ. ಆಕೆ ನಕ್ಕು, ಕೆಲಸಕ್ಕೆ ಹೊರಟಳು.

ಏಳು ಗಂಟೆಗೆ ನನಗೆ ಹೊಟ್ಟೆ ತೊಳಸಲು ಮೊದಲಾಯಿತು. ಆಮೇಲಿನ ಮೂರು ಗಂಟೆಯ ವರ್ಣನೆ ಈ ಪುಟಕ್ಕೆ ಬೇಡ. ಹತ್ತರ ಹೊತ್ತಿಗೆ ಬಾಗಿಲು ತೆರೆಯಿತು. ಸಹೋದ್ಯೋಗಿಯೊಬ್ಬಳ ತೋಳು ಹಿಡಿದು ಮಗಳು ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ರೋಗಿಗಳ ನಡುವೆ ನಿಂತಿರುವಾಗಲೇ ವಾಂತಿಯಾಗಿ, ಆಕೆಯ ಪಾಳಿಗೆ ಬೇರೊಬ್ಬರನ್ನು ಮನೆಯಿಂದ ಕರೆಸಬೇಕಾಯಿತಂತೆ. ನನ್ನ ಸ್ಥಿತಿಯನ್ನು ಕಂಡವಳು ತನ್ನ ಸ್ಥಿತಿಯನ್ನು ಮರೆತು ನನ್ನ ನಾಡಿ ಹಿಡಿದಳು. “ಕಾಳನ್ನು ಮೊದಲು ಕುದಿಸಿದ್ರಾ ಅಪ್ಪ?” ಎಂದು ಕೇಳಿದಳು. ಇಲ್ಲವೆಂದೆ.

ರಾಜ್ಮಾ ಕಾಳಿನಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ಒಂದು ನಂಜಿನ ಅಂಶವಿದೆ. ಹಸಿಯ ಕಾಳು ನಾಲ್ಕೈದು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಮೊದಲಾಗುತ್ತವೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಮಗೂ ಹಾಗೆಯೇ ಇಳಿಯಿತು. ಕಾಳನ್ನು ಐದು ಗಂಟೆಗೆ ಕಡಿಮೆಯಿಲ್ಲದಂತೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ೧೦೦ ಡಿಗ್ರಿಯ ಪೂರ್ಣ ಕುದಿಯಲ್ಲಿ ಹತ್ತು ನಿಮಿಷವಾದರೂ ಇಟ್ಟರೆ ಆ ಅಂಶ ನಾಶವಾಗುತ್ತದೆ. ಮೂವತ್ತು ನಿಮಿಷವಿಟ್ಟರೆ ಸಂಶಯಕ್ಕೆ ಎಡೆಯಿಲ್ಲ. ವಿಚಿತ್ರವೆಂದರೆ ೮೦ ಡಿಗ್ರಿಯಷ್ಟು ಅರೆಬಿಸಿಯಲ್ಲಿ ಬೇಯಿಸಿದರೆ ನಂಜು ಹಸಿಯದಕ್ಕಿಂತಲೂ ಹಲವು ಮಡಿ ಹೆಚ್ಚುವ ಸಂಭವವಿದೆ. ನಮ್ಮ ಮನೆಗಳಲ್ಲಿ ಈ ಸಂಗತಿ ಯಾರಿಗೂ ತಿಳಿಯದೆ ಹೋದದ್ದಕ್ಕೆ ಕಾರಣ ಆ ಗದ್ದಲದ ಪ್ರೆಷರ್ ಕುಕ್ಕರ್. ಅದರೊಳಗಿನ ಶಾಖ ೧೨೦ ಡಿಗ್ರಿಯ ಹತ್ತಿರಕ್ಕೆ ಹೋಗುವುದರಿಂದ ನಂಜು ಅಲ್ಲಿ ಉಳಿಯುವುದಿಲ್ಲ. ನಿಧಾನದ ಮಡಕೆಯಾದರೋ ಕುದಿಯ ಹತ್ತಿರಕ್ಕೆ ಹೋಗುವುದೇ ಗಂಟೆಗಳ ಮೇಲೆ. ಒಮ್ಮೊಮ್ಮೆ ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ.

ಎರಡನೆಯ ತಪ್ಪು ನನಗೆ ಗೊತ್ತಿರಬೇಕಾಗಿದ್ದ ತಪ್ಪು. ಹುಣಿಸೆಹುಳಿಯನ್ನು ಮೊದಲೇ ಹಾಕಿದರೆ ಬೇಳೆ ಬೇಯುವುದಿಲ್ಲವೆಂದು ನಮ್ಮ ಮನೆಯಲ್ಲಿ ಎಳೆಯ ಹುಡುಗಿಯೂ ಬಲ್ಲಳು. ಟೊಮ್ಯಾಟೊ, ವಿನಿಗರ್ ಕೂಡ ಹುಳಿಯೇ ತಾನೆ? ಅವು ಮೊದಲಿಂದ ಜೊತೆಯಲ್ಲಿದ್ದುದರಿಂದ ಕಾಳು ಎಂಟು ಗಂಟೆಯಾದರೂ ಗಟ್ಟಿಯಾಗಿಯೇ ಉಳಿಯಿತು. ಹಲ್ಲಿಗೆ ಸಿಕ್ಕಿದ್ದಕ್ಕೂ ಇಟಲಿಗೂ ಯಾವ ಸಂಬಂಧವೂ ಇರಲಿಲ್ಲ.

ಮರುದಿನ ಮಗಳು ಮಡಕೆಯನ್ನು ತೊಳೆದು, ಒರಸಿ, ಕಪಾಟಿನ ಎಲ್ಲಕ್ಕಿಂತ ಮೇಲಿನ ಅರೆಯಲ್ಲಿಟ್ಟಳು. ಕುರ್ಚಿ ಹಾಕಿಕೊಂಡರಲ್ಲದೆ ನನ್ನ ಕೈಗೆ ಎಟುಕದು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಬರುವಾಗ ಅಂಗಡಿಯ ಡಬ್ಬಿಗಳಲ್ಲಿ ಊಟ ತರತೊಡಗಿದಳು. ಹನ್ನೆರಡು ಗಂಟೆ ದುಡಿದು ಬಂದವಳು ನನಗೆ ಬಿಸಿಮಾಡಿ ಬಡಿಸಿ ಮಲಗುವಳು. ಬೈದಿದ್ದರೆ ಚೆನ್ನಾಗಿತ್ತು.

ಆ ದಿನಗಳಲ್ಲಿ ನಾನು ಊರಿನ ಸಾರ್ವಜನಿಕ ಪುಸ್ತಕಾಲಯದಲ್ಲಿ ಹೊತ್ತು ಕಳೆಯುತ್ತಿದ್ದೆ. ಅಲ್ಲಿ ಈ ಮಡಕೆಯ ಪೂರ್ವೋತ್ತರ ದೊರಕಿತು. ಇದನ್ನು ಕಂಡುಹಿಡಿದವನು ಇರ್ವಿಂಗ್ ನಾಕುಮ್ಸನ್. ಮುಂದೆ ನ್ಯಾಕ್ಸನ್ ಎಂದು ಹೆಸರು ಬದಲಿಸಿಕೊಂಡ ಯೆಹೂದಿ ಇಂಜಿನಿಯರು. ಆತನ ತಾಯಿ ಬಾಲ್ಯದಲ್ಲಿ ಲಿಥುವೇನಿಯದಲ್ಲಿದ್ದವರು. ಯೆಹೂದಿಗಳಿಗೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ವಿಶ್ರಾಂತಿಯ ವ್ರತ, ಬೆಂಕಿ ಹೊತ್ತಿಸುವಂತಿಲ್ಲ. ಆದರೆ ಶನಿವಾರ ಮಧ್ಯಾಹ್ನ ಬಿಸಿಯೂಟ ಬೇಕು. ಆದುದರಿಂದ ಶುಕ್ರವಾರ ಸಂಜೆ ಕಾಳು, ಮಾಂಸ, ಗಡ್ಡೆಗಳನ್ನು ಮಡಕೆಗೆ ತುಂಬಿ ಊರಿನ ರೊಟ್ಟಿಯಂಗಡಿಗೆ ಒಯ್ದು, ಆರುತ್ತಿರುವ ಗೂಡೊಲೆಯಲ್ಲಿ ಇಟ್ಟು ಬರುತ್ತಿದ್ದರು. ರಾತ್ರಿಯೆಲ್ಲ ಆ ಉಳಿದ ಬಿಸಿಯಲ್ಲಿ ಅದು ಬೇಯುತ್ತಿತ್ತು. ಚೋಲೆಂಟ್ ಎಂದು ಆ ಅಡಿಗೆಯ ಹೆಸರು. ತಾಯಿ ಹೇಳಿದ ಈ ಕಥೆಯನ್ನು ಕೇಳಿದ ಮಗ ವಿದ್ಯುತ್ತಿನ ಗೂಡೊಲೆಯನ್ನು ಮಡಕೆಗೇ ಸುತ್ತಿದ. ೧೯೩೬ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ೧೯೪೦ರಲ್ಲಿ ಪಡೆದ. ನ್ಯಾಕ್ಸನ್ ಬೀನರಿ ಎಂದು, ಕಾಳು ಬೇಯಿಸುವ ಪಾತ್ರೆಯಾಗಿಯೇ ಅದನ್ನು ಮಾರಿದ. ೧೯೭೦ರಲ್ಲಿ ರೈವಲ್ ಎಂಬ ಕಂಪನಿ ಆತನ ಉದ್ಯಮವನ್ನು ಕೊಂಡು, ಮರುವರ್ಷ ಅದೇ ಪಾತ್ರೆಗೆ ಕ್ರಾಕ್‌ಪಾಟ್ ಎಂಬ ಹೊಸ ಹೆಸರು ಕೊಟ್ಟಿತು. ಹೆಂಗಸರು ಹೆಚ್ಚಾಗಿ ಹೊರಗೆ ದುಡಿಯಲು ಹೊರಟಿದ್ದ ಕಾಲ ಅದು. ಬೆಳಗ್ಗೆ ತುಂಬಿಟ್ಟು ಹೋದರೆ ಸಂಜೆಗೆ ಊಟ ಸಿದ್ಧವಿರುವ ಪಾತ್ರೆ ಮನೆಮನೆಗೂ ಹೊಕ್ಕಿತು.

ಮೂರು ವಾರ ಕಳೆದ ಮೇಲೆ, ಆಕೆಗೆ ರಜವಿದ್ದ ಒಂದು ದಿನ, ಆ ಮಡಕೆಯನ್ನು ಇಳಿಸಿ ಕೊಡೆಂದು ಕೇಳಿದೆ. ಕೇಳುವಾಗ ಗಂಟಲು ಹಿಡಿದಂತಾಯಿತು. ಮಗಳು ಬಹಳ ಹೊತ್ತು ಸುಮ್ಮನಿದ್ದಳು. “ಇಳಿಸಿಕೊಡ್ತೀನಿ. ನೀವು ಕಾಳು ಕುದಿಸುವಾಗ ನಾನು ಪಕ್ಕದಲ್ಲಿ ನಿಂತಿರ್ತೀನಿ,” ಎಂದಳು.

ನಿಂತಳು. ಎರಡು ಲೋಟ ರಾಜ್ಮಾವನ್ನು ಹಿಂದಿನ ರಾತ್ರಿಯೇ ನೆನೆಸಿದ್ದೆ. ನೀರು ಚೆಲ್ಲಿ, ತೊಳೆದು, ಒಲೆಯ ಮೇಲೆ ಹೊಸ ನೀರಿನಲ್ಲಿಟ್ಟೆ. ನೀರು ಉಕ್ಕಿ ಕುದಿಯತೊಡಗಿದಾಗ ಆಕೆ ರೋಗಿಯ ನಾಡಿ ಎಣಿಸುವವಳಂತೆ ಗಡಿಯಾರ ನೋಡಿದಳು. ಹತ್ತು ನಿಮಿಷವಾಯಿತು, ಇನ್ನೂ ಇರಲಿ ಎಂದಳು. ಮೂವತ್ತಾಯಿತು, ಇನ್ನೂ ಇರಲಿ ಎಂದೆ ನಾನು. ಕಾಳು ಬೆರಳಿಗೆ ಮೆತ್ತಗಾಗುವವರೆಗೆ, ಸುಮಾರು ಒಂದು ಗಂಟೆಯ ಕಾಲ ಬಿಟ್ಟೆವು. ಕೊನೆಯ ಹತ್ತು ನಿಮಿಷ ಅದರಲ್ಲೇ ಒಂದು ಲೋಟ ಇಡೀ ಮಸೂರವನ್ನೂ ಹಾಕಿದೆವು. ಚಿಲಿಯಲ್ಲಿ ಪುಡಿಮಾಂಸ ಕೊಡುವ ಮಂದವನ್ನು ಇದು ಕೊಡುತ್ತದೆ. ಆಮೇಲೆ ಎಲ್ಲವೂ ಮಡಕೆಗೆ: ಸಣ್ಣಗೆ ಹೆಚ್ಚಿ ಬಾಡಿಸಿದ ಎರಡು ಈರುಳ್ಳಿ, ಆರೆಸಳು ಬೆಳ್ಳುಳ್ಳಿ, ಹಿಸುಕಿದ ನಾಲ್ಕು ಟೊಮ್ಯಾಟೊ, ಮೂರು ಚಿಕ್ಕ ಚಮಚ ಬ್ಯಾಡಗಿ ಪುಡಿ, ಎರಡು ಚಮಚ ಹುರಿದ ಜೀರಿಗೆಯ ಪುಡಿ, ಬೆರಳುದ್ದದ ಚಕ್ಕೆ, ನಾಲ್ಕು ಲವಂಗ, ಉಪ್ಪು. ಎದುರು ಮನೆಯವರ ಆಜ್ಞೆಯಂತೆ ಒಂದು ಚಮಚ ಸಿಹಿಯಿಲ್ಲದ ಕೋಕೊ ಪುಡಿ. ಅದರ ಕಹಿ ಎದ್ದು ಕಾಣುವುದಿಲ್ಲ, ಆದರೆ ಹಾಕದಿದ್ದರೆ ಏನೋ ಕೊರತೆ ಕಾಣುತ್ತದೆ. ಕಾಳಿನ ಮೇಲೆ ಒಂದು ಬೆರಳು ನಿಲ್ಲುವಷ್ಟು ನೀರು. ವಿನಿಗರನ್ನು ಮಾತ್ರ ಇಳಿಸುವ ಮುನ್ನ ಹಾಕಬೇಕು. ಸ್ಪಾಗೆಟಿಯನ್ನು ಮಡಕೆಗೆ ಹಾಕಿಬಿಟ್ಟರೆ ಸಂಜೆಗೆ ಅಂಬಲಿಯಾಗುತ್ತದೆ. ಅದನ್ನು ಉಣ್ಣಲು ಹತ್ತು ನಿಮಿಷವಿರುವಾಗ ಬೇರೆ ಪಾತ್ರೆಯಲ್ಲಿ, ಉಪ್ಪು ಹಾಕಿದ ಧಾರಾಳ ನೀರಿನಲ್ಲಿ ಬೇಯಿಸಿ ಬಸಿಯಬೇಕು.

ಮಂದದ ಗುರುತಿನಲ್ಲಿ ಎಂಟು ಗಂಟೆ. ಮುಚ್ಚಳವನ್ನು ನಾನು ಒಮ್ಮೆಯೂ ತೆಗೆಯಲಿಲ್ಲ. ಮಗಳು ಎರಡು ಸಲ ತೆಗೆದಳು. ಊಟಕ್ಕೆ ಕುಳಿತಾಗ ಇಬ್ಬರೂ ಮೊದಲು ಒಂದೊಂದು ಕಾಳನ್ನು ಆರಿಸಿ, ಒಬ್ಬರ ಮುಖವನ್ನೊಬ್ಬರು ನೋಡುತ್ತ ಅಗಿದೆವು. ಬೆಣ್ಣೆಯಂತಿತ್ತು. ಆಕೆ ಊರಿನವರಂತೆ ಅಂಚಿನಿಂದ ಕತ್ತರಿಸಿ ಉಂಡಳು. ನಾನು ಕೈಯಿಂದ ಕಲಸಿ ಉಂಡೆ. “ಸ್ವಲ್ಪ ತುಪ್ಪ ಹಾಕ್ಕೊಳ್ಳಿ ಅಪ್ಪ,” ಎಂದಳು. ಹಾಕಿಕೊಂಡೆ. ಯಾವ ಎಣಿಕೆಯ ಲೆಕ್ಕಕ್ಕೂ ಸೇರದ ಆ ಸಂಯೋಗವನ್ನು ಚಿಲಿಯ ಅಂಗಡಿಗಳವರು ಪರೀಕ್ಷಿಸಿ ನೋಡಬೇಕು. ಒಂದು ಡಬ್ಬಿಯಷ್ಟನ್ನು ಎದುರು ಮನೆಗೆ ಕೊಟ್ಟು ಬಂದೆ. ಚೀಸು ಕಡಿಮೆ, ಖಾರ ಹೆಚ್ಚು, ಉಳಿದಂತೆ ಸರಿ ಎಂದು ಗುರುಗಳ ತೀರ್ಪು ಬಂತು.

ಮರುದಿನದಿಂದ ಆಕೆಗೆ ಮತ್ತೆ ಪಾಳಿ. ಕಾಳು ಕುದಿಸುವ ಕೆಲಸವನ್ನು ಈಗ ನಾನು ಆಕೆ ಹೋದ ಮೇಲೆ ರಾತ್ರಿ ಮಾಡಿ ತಂಪುಪೆಟ್ಟಿಗೆಯಲ್ಲಿಡುತ್ತೇನೆ. ಬೆಳಗ್ಗೆ ಆಕೆ ಮಲಗಿದ ಕೂಡಲೆ ಮಡಕೆಯ ಗುಂಡಿಯನ್ನು ತಿರುಗಿಸುತ್ತೇನೆ. ಉಂಡಾದ ಮೇಲೆ ಪಾತ್ರೆ ಬಿಸಿಯಿರುವಾಗಲೇ ತಣ್ಣೀರು ಸುರಿಯಬಾರದು, ಪಿಂಗಾಣಿ ಬಿರಿಯುತ್ತದೆ. ಅದು ಆರುವವರೆಗೆ ಕಿಟಕಿಯ ಬಳಿ ಕುಳಿತು ಆಕೆಯ ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತೇನೆ. ಆಮೇಲೆ ಎದ್ದು ಪಾತ್ರೆ ತೊಳೆದು, ಕೆಳಗಿನ ಅರೆಯಲ್ಲಿಟ್ಟು, ಮತ್ತೆ ಎರಡು ಲೋಟ ಕಾಳು ಅಳೆಯುತ್ತೇನೆ.